ಕಪಾಟಿನ ನಡುವಿನ ಕವಿಗಳು

ಭಾನುವಾರ, ಮಧ್ಯಾಹ್ನ

ನಾಟಕದ ಮೇಷ್ಟ್ರಿಗೆ,

ವಿದ್ಯಾರ್ಥಿಗಳು ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದೇನೆ. ಮನೆ ಬಿಟ್ಟು ಹೋದ ಗಂಡನನ್ನು ಇನ್ನೇನೆಂದು ಕರೆಯಬೇಕೋ ನನಗೆ ತೋಚಲಿಲ್ಲ. ನಿಮ್ಮ ಕಾಗದ ತಲುಪಿತು. ಶನಿವಾರ ವ್ಯಾನು ಕಳಿಸುತ್ತೀರಂತೆ, ನಿಮ್ಮ ಪುಸ್ತಕ ಕಟ್ಟಿಡಬೇಕಂತೆ. ತರಗತಿಯಲ್ಲಿ ಒಂದೊಂದು ಸ್ವಗತವನ್ನು ವಾರಗಟ್ಟಲೆ ಎಳೆಯುತ್ತಿದ್ದವರು, ಹೆಂಡತಿಗೆ ಎರಡು ಸಾಲು ಗೀಚಿ ಕೈತೊಳೆದುಕೊಂಡಿರಿ.

ನೀವು ಬೇರೆ ಊರಿನ ಆ ಕಾಲೇಜಿಗೆ ಹೊರಟಾಗ ಜೊತೆಗೆ ಬರುತ್ತೀಯಾ ಎಂದು ಕೇಳಲಿಲ್ಲ. ಹೋಗಬೇಡಿ ಎಂದು ನಾನೂ ಹೇಳಲಿಲ್ಲ. ಈಗ ಇಂಗ್ಲಿಷ್ ವಿಭಾಗಕ್ಕೆ ನಾನೊಬ್ಬಳೇ. ನಿಮ್ಮ ಜಾಗಕ್ಕೆ ಯಾರನ್ನೂ ಹಾಕದೆ, ಪ್ರಿನ್ಸಿಪಾಲರು ಇಡೀ ಸಾಹಿತ್ಯ ಚರಿತ್ರೆಯನ್ನು ನನ್ನ ತಲೆಗೆ ಕಟ್ಟಿದ್ದಾರೆ. ಹದಿನೆಂಟನೇ ಶತಮಾನದ ಕೊನೆಯವರೆಗೆ ನಿಮ್ಮದು, ಅಲ್ಲಿಂದ ಈಚೆಗೆ ನನ್ನದು ಎಂದು ಇಷ್ಟು ವರ್ಷ ಆರಾಮವಾಗಿದ್ದೆ. ಈಗ ನಿಮ್ಮ ಯಾತ್ರಿಕರ ಕಥೆಗಳು, ಕುರುಡು ಕವಿಯ ಮಹಾಕಾವ್ಯ ಎಲ್ಲವನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡು ಓದುತ್ತೇನೆ. ಎದುರಿನ ಕುರ್ಚಿ ಖಾಲಿ ಇರುವುದರಿಂದ ಜಾಗಕ್ಕೇನೂ ಕೊರತೆಯಿಲ್ಲ.

ಮೊನ್ನೆ ನಿಮ್ಮ ನಾಟಕಕಾರ ಮಹಾಶಯನ ಪಾಠವಿತ್ತು. ಅವನು ಉಯಿಲಿನಲ್ಲಿ ಹೆಂಡತಿಗೆ ಎರಡನೇ ದರ್ಜೆಯ ಮಂಚ ಬಿಟ್ಟುಹೋದನಲ್ಲ, ಅದರ ಮೇಲೆ ಸ್ಟಾಫ್ ರೂಮಿನಲ್ಲಿ ನಾವು ಎಷ್ಟು ಜಗಳವಾಡಿದ್ದೇವೆ. ಅದು ಅವಮಾನ ಎಂದು ನಾನು. ಒಳ್ಳೆಯ ಮಂಚ ನೆಂಟರಿಗೆ, ಗಂಡಹೆಂಡತಿ ಮಲಗಿದ್ದು ಎರಡನೆಯದರಲ್ಲಿ, ಅದಕ್ಕೇ ಅದನ್ನು ಕೊಟ್ಟ ಎಂದು ನೀವು. ಮುಂದಿನ ಬೆಂಚಿನ ಹುಡುಗಿ, ಪಾಪ ಆ ಹೆಂಡತಿಗೆ ಬೇಜಾರಾಗಿರಬೇಕಲ್ಲವಾ ಎಂದು ಕೇಳಿದಳು. ನನ್ನ ಬಾಯಿಂದ ಬಂದದ್ದು ನಿಮ್ಮ ಉತ್ತರ. ಹೇಳುತ್ತಿದ್ದವಳು ನಡುವೆಯೇ ನಿಲ್ಲಿಸಿ, ಸೀಮೆಸುಣ್ಣದ ಧೂಳು ಎಂದು ಸುಳ್ಳು ಹೇಳಿ ನೀರು ಕುಡಿದೆ. ನಮ್ಮ ಮಂಚದಲ್ಲಿ ನೀವು ಮಲಗುತ್ತಿದ್ದ ಮಗ್ಗುಲಲ್ಲಿ ಈಗ ಉತ್ತರಪತ್ರಿಕೆಗಳು ಮಲಗುತ್ತವೆ.

ಮನೆಯಲ್ಲಿ ಮಾತಿಲ್ಲ. ಸದ್ದು ಮಾಡುವುದು ಮುಂಬಾಗಿಲು ಒಂದೇ, ಅದೂ ನಾನು ತೆರೆದಾಗ. ನೀವು ಎಣ್ಣೆ ಹಿಡಿದು ಬಂದಾಗಲೆಲ್ಲ ತಡೆಯುತ್ತಿದ್ದೆ. ನನ್ನ ಪ್ರೀತಿಯ ಕಾದಂಬರಿಕಾರ್ತಿ ಬಾಗಿಲು ಕಿರುಗುಟ್ಟಿದ ಕೂಡಲೇ ಬರೆಯುತ್ತಿದ್ದ ಹಾಳೆ ಮುಚ್ಚಿಡುತ್ತಿದ್ದಳಂತೆ, ಅದಕ್ಕೇ ರಿಪೇರಿ ಬೇಡ ಎಂದಳಂತೆ ಎಂದು ನೆಪ ಹೇಳುತ್ತಿದ್ದೆ. ಮುಚ್ಚಿಡುವಂಥದ್ದು ನೀನೇನು ಬರೆಯುತ್ತೀ ಎಂದು ನೀವು ಕಾಲೆಳೆಯುತ್ತಿದ್ದಿರಿ. ಅವಳೂ ಹುಟ್ಟಿದ್ದು ನಿಮ್ಮ ಶತಮಾನದಲ್ಲೇ, ಆದರೆ ಅವಳನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಇನ್ನು ಪುಸ್ತಕದ ವಿಷಯ. ಕಪಾಟಿನ ಎಡಕ್ಕಿರುವ ನಿಮ್ಮವನ್ನು ಕಟ್ಟಲು ಶುರುಮಾಡಿದೆ. ಅವು ಹೊರಬಂದದ್ದೇ ತಡ, ನನ್ನವು ಆ ಕಡೆಗೆ ವಾಲಿ ಬಿದ್ದವು. ಇಸ್ತ್ರಿಪೆಟ್ಟಿಗೆ ಒತ್ತುಕೊಟ್ಟು ನಿಲ್ಲಿಸಿದ್ದೇನೆ.

ತೊಡಕು ನಡುವಿನ ಕವಿಗಳದ್ದು. ಸರೋವರದ ದಂಡೆಯಲ್ಲಿ ಅಲೆದವನು, ಹಕ್ಕಿಗೆ ಹಾಡು ಕಟ್ಟಿ ಎಳೆ ವಯಸ್ಸಿನಲ್ಲೇ ಕೆಮ್ಮಿ ಸತ್ತವನು, ಆ ಗುಂಪು. ಹುಟ್ಟಿದ್ದು ನಿಮ್ಮ ಶತಮಾನದಲ್ಲಿ, ಬರೆದದ್ದು ಬಹುಪಾಲು ನನ್ನದರಲ್ಲಿ. ಇವರು ಯಾರಿಗೆ ಸೇರಬೇಕೆಂದು ವರ್ಷವೂ ಕಿತ್ತಾಡಿ, ಕೊನೆಗೆ ಒಂದೇ ತರಗತಿಯಲ್ಲಿ ಇಬ್ಬರೂ ನಿಂತು ಪಾಠ ಮಾಡುತ್ತಿದ್ದೆವು. ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸುವುದನ್ನು ನೋಡಲೆಂದೇ ವಿಜ್ಞಾನದ ಮಕ್ಕಳೂ ಬಂದು ಹಿಂದೆ ಕೂರುತ್ತಿದ್ದರು. ಈ ವರ್ಷ ಆ ಪಾಠವನ್ನು ನಾನಿನ್ನೂ ಎತ್ತಿಕೊಂಡಿಲ್ಲ. ಒಬ್ಬಳೇ ಮಾಡಲು ಮನಸ್ಸು ಬರುತ್ತಿಲ್ಲ.

ಈ ಕವಿಗಳನ್ನು ಪಾಲು ಮಾಡುವುದು ವ್ಯಾನಿನ ಡ್ರೈವರನ ಕೈಲಾಗುವ ಕೆಲಸವಲ್ಲ. ತಾವೇ ಬಂದು ತೀರ್ಮಾನಿಸತಕ್ಕದ್ದು.

ಇಂತಿ,
ಕಾದಂಬರಿ ಮೇಡಂ

ತಾ.ಕ.: ಕಿಟಕಿ ಸರಿಮಾಡಲು ಬಂದ ಬಡಗಿ ಮುಂಬಾಗಿಲಿಗೂ ಎಣ್ಣೆ ಬಿಡಲು ಹೊರಟಿದ್ದ. ಬೇಡವೆಂದು ಕಳಿಸಿದೆ. ಇಷ್ಟು ವರ್ಷ ನಿಮ್ಮನ್ನು ತಡೆದದ್ದೂ ಆ ಕಾದಂಬರಿಕಾರ್ತಿಗಾಗಿ ಅಲ್ಲ. ನೀವು ಮನೆಗೆ ಬಂದದ್ದು ನಾನು ಒಳಗೆ ಅಡುಗೆಮನೆಯಲ್ಲಿದ್ದರೂ ಕೇಳಿಸಲಿ ಅಂತ.