ಕಚ್ಚದೆ ಕರಗಿದ ತುಂಡು

ಜುಲೈ ೧೪, ಮಂಗಳವಾರ

ಮನುಕುಲದ ಗಮನಕ್ಕೆ: ಐವತ್ತೆರಡು ವರ್ಷಗಳ ಸತತ ಸೋಲಿನ ಬಳಿಕ ನಾನಿಂದು ಒಂದು ತುಂಡು ಚಾಕೊಲೇಟನ್ನು ಕಚ್ಚದೆ ಕರಗಿಸಿದೆ.

ಸಂಜೆ ಹೆಂಡತಿ ಅದನ್ನು ನನ್ನ ನಾಲಿಗೆಯ ಮೇಲಿಟ್ಟು, “ಹಲ್ಲಿಗೆ ರಜಾ ಕೊಡಿ ರೀ, ಇದೇನು ಕಬ್ಬಲ್ಲ,” ಎಂದಳು. ಮೊದಲು ಅಂಚುಗಳು ಸೋತವು. ಆಮೇಲೆ ಕಹಿ ಮೆಲ್ಲಗೆ ಬಿಚ್ಚಿಕೊಂಡಿತು, ಅದರಡಿಯಲ್ಲಿ ಯಾವುದೋ ಹಣ್ಣಿನ ಹುಳಿ. ಇಷ್ಟೆಲ್ಲ ನನ್ನ ಬಾಯೊಳಗೇ ನಡೆಯಬಹುದಿತ್ತೇ, ಇಷ್ಟು ವರ್ಷ? ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಸಂಪಾದಕರ ಫೋನು.

“ನಾಳೆ ಬೆಳಿಗ್ಗೆ ಏಳಕ್ಕೆ ಅಂಕಣ ಕಳಿಸ್ತೀರಲ್ಲ?”

ಬಾಯಿ ಬಿಟ್ಟರೆ ಕೆಟ್ಟೆ. “ಹ್ಞೂಂ,” ಎಂದೆ.

“ಮುಂದಿನ ವಾರದ್ದೂ?”

“ಹ್ಞೂಂ.”

ಹೆಂಡತಿ ಬಿದ್ದು ಬಿದ್ದು ನಕ್ಕಳು. ಎರಡು ಅಂಕಣಗಳಲ್ಲೂ ನಾನಿನ್ನೂ ಒಂದಕ್ಷರ ಬರೆದಿಲ್ಲ. ಆದರೂ ಆ ಹುಳಿ, ಅದು ಎಲ್ಲಿಂದ...

ಇವಳೇ, ಮಲಗುವ ಮುನ್ನ ಹೇಗೂ ಈ ಡೈರಿಯನ್ನು ಕದ್ದು ಓದುತ್ತೀಯಲ್ಲ, ಬೆಳಿಗ್ಗೆ ಐದಕ್ಕೆ ನನ್ನನ್ನು ಎಬ್ಬಿಸಿಬಿಡು.