ಮಹಾಪ್ರಭುಗಳು ಕೊಂಡ ಛತ್ರಿ ಬೋರ್ಡು

ಭಾನುವಾರ, ೧೪ ಸೆಪ್ಟೆಂಬರ್
ಊಟವಾದ ಮೇಲೆ, ಅಪ್ಪ ಹಿತ್ತಿಲ ಶೆಡ್ಡಿನಲ್ಲಿರುವ ಹೊತ್ತು

ಅಕ್ಕ ಎಂಬ ಪರಮಪೂಜ್ಯ ನ್ಯಾಯಪೀಠಕ್ಕೆ,

ನಿನ್ನ ತಂಗಿ, ಮನೆಯವರೆಲ್ಲ ‘ಕಟ್ಟಿರುವೆ’ ಎಂದು ಕರೆಯುವವಳು, ಬಗ್ಗಿ, ಬಾಗಿ, ನೆಲಕ್ಕೆ ಮೂಗು ತಾಗಿಸಿ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ಆ ‘ಎಲ್ಲರೂ’ ಒಳಗೆ ನಾನೂ ಇದ್ದೇನೆಯೋ ಇಲ್ಲವೋ ಎನ್ನುವುದನ್ನು ಪತ್ರ ಮುಗಿದ ಮೇಲೆ ನೀನೇ ತೀರ್ಮಾನಿಸು.

ನಿನ್ನ ಹಳೇ ಸೈಕಲ್ಲನ್ನು ಆನ್‌ಲೈನ್ ಹರಾಜಿಗೆ ಹಾಕಲೋ ಬೇಡವೋ, ಅದರಲ್ಲಿ ಲಾಭವೇನು, ನಷ್ಟವೇನು ಅಂತ ಮೊನ್ನೆ ನೀನು ಫೋನಿನಲ್ಲಿ ಕೇಳಿದ್ದೆ. ನಾನು ಆಮೇಲೆ ಹೇಳ್ತೀನಿ ಅಂತ ಫೋನ್ ಇಟ್ಟುಬಿಟ್ಟೆ. ಕೇಳದಿದ್ದರೂ ಸಲಹೆ ಕೊಡುವವಳು ಕೇಳಿದಾಗ ಬಾಯಿಗೆ ಬೀಗ ಹಾಕಿಕೊಂಡಳಲ್ಲ, ಅಂತ ನಿನಗೆ ಅವತ್ತೇ ಅನುಮಾನ ಬಂದಿರಬೇಕು. ಫೋನಿನಲ್ಲಿ ಹೇಳಿದರೆ ನೀನು ಅಲ್ಲೇ ಬೈಯುತ್ತೀಯ. ಅಂಚೆಯಲ್ಲಿ ಹೇಳಿದರೆ ನಿನ್ನ ಬೈಗುಳ ಬರುವಷ್ಟರಲ್ಲಿ ನನಗೆ ಸ್ವಲ್ಪ ಉಸಿರಾಡಲು ಬಿಡುವು ಸಿಗುತ್ತದೆ. ಹಾಗಾಗಿ ಈ ಪತ್ರ.

ಮೊದಲು ಲಾಭಗಳು. ಗುಜರಿಯವನು ನಿನ್ನ ಸೈಕಲ್ಲನ್ನು ತಕ್ಕಡಿಗೆ ಹಾಕಿ ಬರೀ ಕಬ್ಬಿಣವೆಂದು ತೂಗುತ್ತಾನೆ. ಹರಾಜಿನಲ್ಲಾದರೆ ಅದರ ಬೆಲ್ಲಿಗೂ ಒಬ್ಬ ಅಭಿಮಾನಿ ಹುಟ್ಟಿಕೊಳ್ಳುತ್ತಾನೆ. ಬೀದಿಯಲ್ಲಿ ನಿಂತು ಚೌಕಾಸಿ ಮಾಡುವ ಸಂಕಟವಿಲ್ಲ. ನೀನು ಆಸ್ಪತ್ರೆಯಲ್ಲಿ ಯಾರಿಗೋ ಇಂಜೆಕ್ಷನ್ ಚುಚ್ಚುತ್ತಿರುವಾಗ ಇಲ್ಲಿ ಬೆಲೆ ತಾನಾಗಿ ಏರುತ್ತಿರುತ್ತದೆ. ಕೊಳ್ಳುವವರಿಗೂ ಅನುಕೂಲವೇ: ಅಮ್ಮ ತನ್ನ ಹೊಲಿಗೆ ಮಿಷನ್ನಿಗೆ ಒಂದು ಹಳೇ ಚಕ್ರ ಬೇಕೆಂದು ಅಂಗಡಿ ಅಂಗಡಿ ಅಲೆದು ಕಾಲು ನೋಯಿಸಿಕೊಂಡಳಲ್ಲ, ಅದು ಕೊನೆಗೆ ಸಿಕ್ಕಿದ್ದು ಹರಾಜಿನಲ್ಲೇ.

ಇನ್ನು ನಷ್ಟಗಳು. ಫೋಟೋದಲ್ಲಿ ಎಲ್ಲ ವಸ್ತುವೂ ಮದುಮಗಳೇ. ಪಾರ್ಸೆಲ್ ಆಫೀಸಿನಲ್ಲಿ ದಿನವಿಡೀ ಪೆಟ್ಟಿಗೆಗೆ ಟೇಪು ಸುತ್ತುವ ನನಗೆ ಇದು ಚೆನ್ನಾಗಿ ಗೊತ್ತು. ‘ಸ್ವಲ್ಪವೇ ಬಳಸಿದ’ ಟೇಬಲ್ ಫ್ಯಾನು ಅಂತ ತರಿಸಿಕೊಳ್ಳುತ್ತಾರೆ, ಬಿಚ್ಚಿದರೆ ರೆಕ್ಕೆಯೇ ಇರುವುದಿಲ್ಲ, ಬಂದು ನಮ್ಮ ಮೇಲೆ ಕೂಗಾಡುತ್ತಾರೆ. ಕೆಲವು ಸಲ ಸಾಗಣೆ ಖರ್ಚು ವಸ್ತುವಿನ ಬೆಲೆಯನ್ನೇ ನುಂಗಿಬಿಡುತ್ತದೆ. ಕೊನೆಯ ಗಳಿಗೆಯಲ್ಲಿ ತಲೆ ಬಿಸಿಯಾಗಿ, ಬೇಕೋ ಬೇಡವೋ ನೋಡದೆ ಬೆಲೆ ಕೂಗುವವರು ಬೇರೆ. ನಮ್ಮ ಆಫೀಸಿನಲ್ಲಿ ಪಾರ್ಸೆಲ್ ತೂಗುವ ತೂಕದವನು ಹೀಗೇ ಹಟಕ್ಕೆ ಬಿದ್ದು ದೊಡ್ಡ ಮೀನಿನ ತೊಟ್ಟಿ ಗೆದ್ದ. ಅವನಿಗೆ ಮೀನು ಕಂಡರೆ ವಾಕರಿಕೆ. ಈಗ ಅದರಲ್ಲಿ ಅವನ ಹೆಂಡತಿ ಈರುಳ್ಳಿ ಇಡುತ್ತಾಳೆ.

ಆದರೆ ಎಲ್ಲಕ್ಕಿಂತ ದೊಡ್ಡ ನಷ್ಟ ಬೇರೆಯೇ ಇದೆ. ಆನ್‌ಲೈನಿನಲ್ಲಿ ಕೂಗುವವರ ಮುಖ ಕಾಣುವುದಿಲ್ಲ.

ಇಷ್ಟು ಬರೆದು ಒಂದು ಲೋಟ ನೀರು ಕುಡಿದು ಬಂದೆ. ಸುತ್ತಿ ಬಳಸಿ ಎಷ್ಟು ಹೊತ್ತು ಓಡಾಡಲಿ, ಅಕ್ಕಾ? ಅಪ್ಪ ಕೈಯಾರೆ ಬರೆದ ಛತ್ರಿ ಬೋರ್ಡು ಹರಾಜಿನಲ್ಲಿ ಮಾರಾಟವಾದ ಸುದ್ದಿ ನಿನಗೆ ಅಪ್ಪನೇ ಹೇಳಿದರು. ನೀನು ಡ್ಯೂಟಿ ಕೋಣೆಯಲ್ಲಿ ನಿಂತು ಸಂತೋಷಕ್ಕೆ ಅತ್ತುಬಿಟ್ಟೆ ಅಂತ ಅಮ್ಮ ಹೇಳಿದಳು. ಆ ಅಳುವನ್ನು ವಾಪಸು ತೆಗೆದುಕೊಳ್ಳಬೇಕಾಗುತ್ತದೆ.

ಮೊದಲಿಂದ ಹೇಳುತ್ತೇನೆ. ನೀನು ಕೈಕಾಲು ಹಿಡಿದು ಮಾವನನ್ನು ಒಪ್ಪಿಸಿದೆಯಲ್ಲ, ಅಪ್ಪನಿಗೆ ಅವರ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಕೊಡಲಿ ಅಂತ, ಆ ವಾರವೇ ಅಪ್ಪ ಶೆಡ್ಡು ಖಾಲಿ ಮಾಡತೊಡಗಿದರು. ಒಂದು ವರ್ಷದಿಂದ ಕೈಬರಹದ ಬೋರ್ಡು ಬೇಕೆಂದು ಒಬ್ಬ ನರಪಿಳ್ಳೆಯೂ ಬಂದಿರಲಿಲ್ಲ. ಮಾವ ಫೋನಿನಲ್ಲಿ “ಭಾವಾ, ಈಗ ಕುಂಚ ಯಾರಿಗೆ ಬೇಕು? ಬಂದು ಮಿಷನ್ ಪಕ್ಕ ಕೂತ್ಕೊಳ್ಳಿ, ಅದೇ ಬರೀತದೆ, ನೀವು ಕತ್ತರಿಸಿದ್ರೆ ಸಾಕು” ಅಂದಿದ್ದರು. ಅಪ್ಪ ಹೂಂ ಅಂದಿದ್ದರು. ಆ ಹೂಂ ಹೇಗಿತ್ತು ಅಂತ ನಾನು ಬರೆಯುವುದಿಲ್ಲ.

ಬೀರುವಿನ ಹಿಂದಿನಿಂದ ಛತ್ರಿ ಬೋರ್ಡು ಹೊರಬಂತು. ನೆನಪಿದೆಯಾ? ‘ಛತ್ರಿ ರಿಪೇರಿ. ಮುರಿದದ್ದು ಮತ್ತೆ ಅರಳುತ್ತದೆ.’ ಬರೆಸಿದ ಛತ್ರಿಯವನು ಒಯ್ಯಲು ಬರದೆ ಊರೇ ಬಿಟ್ಟು ಹೋಗಿದ್ದ. ಅದರ ಕೆಳಗಿನ ಅಂಚಿನಲ್ಲಿ ಅಪ್ಪನ ಗುರುತಿನ ಇರುವೆಯೂ ಇದೆ. ಮೊದಲೆಲ್ಲ ಅಪ್ಪ ಇರುವೆಯನ್ನು ಕೊನೆಯ ಅಕ್ಷರದ ಮೇಲೇ ಹತ್ತಿಸುತ್ತಿದ್ದರಂತೆ. ಬೇಕರಿಯವನು ಬಂದು “ಅಲ್ಲ ಸ್ವಾಮೀ, ಬೇಕರಿ ಬೋರ್ಡಿಗೆ ಇರುವೆ ಬಿಟ್ಟರೆ ಗಿರಾಕಿ ಬರ್ತಾರಾ?” ಅಂತ ಜಗಳ ತೆಗೆದ ಮೇಲೆ ಅದನ್ನು ಅಂಚಿಗೆ ಇಳಿಸಿದರು. ಬೋರ್ಡನ್ನು ತಲೆಕೆಳಗು ಮಾಡಿ ನೋಡಿದರಷ್ಟೇ ಕಾಣುತ್ತದೆ. ಮನೆಯವರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಈ ಮಾತು ತಲೆಯಲ್ಲಿಟ್ಟುಕೊಂಡಿರು.

ಅಪ್ಪ, ಒಳ್ಳೇ ಮರ ಕಣೇ, ಮರಕ್ಕಾದರೂ ಯಾರಾದರೂ ತಗೋತಾರಾ ನೋಡು, ಅಂದರು. ನಾನು ಎದುರಿನಿಂದ ಒಂದು ಫೋಟೋ ತೆಗೆದು, ‘ಸಕಲ ಛತ್ರಿಕುಲದ ಏಕೈಕ ಆಶ್ರಯ, ಅಕ್ಷರಲೋಕದ ಅಚ್ಚರಿ’ ಅಂತ ಏನೇನೋ ಬರೆದು ಹರಾಜಿಗೆ ಹಾಕಿದೆ. ಅಪ್ಪ ನಕ್ಕರು. ಆಮೇಲೆ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಏನಾದರೂ ಬಂತಾ ಅಂತ ಕೇಳುವುದು. ಏನೂ ಬಂದಿರುತ್ತಿರಲಿಲ್ಲ. ಕೇಳುವ ದನಿ ದಿನದಿಂದ ದಿನಕ್ಕೆ ಚಿಕ್ಕದಾಯಿತು.

ಅದನ್ನು ನೋಡಲಾಗದೆ ನಾನು ‘ಮಹಾಪ್ರಭು’ ಎಂಬ ಹೆಸರಿನಲ್ಲಿ ಸುಳ್ಳು ಖಾತೆ ತೆರೆದು ನಾನೇ ಒಂದು ಕೂಗು ಹಾಕಿದೆ.

ಮೇಲಿನ ಸಾಲನ್ನು ಇನ್ನೊಮ್ಮೆ ಓದಿ ನೋಡಿದೆ. ‘ನೋಡಲಾಗದೆ’ ಎನ್ನುವುದು ಸುಳ್ಳು. ನನಗೆ ಕನಿಕರವೇನೂ ಬಂದಿರಲಿಲ್ಲ, ಬೇಜಾರು ಬಂದಿತ್ತು. ಮಜಾ ಬೇಕಿತ್ತು. ಅಪ್ಪನ ಮುಖ ಹೇಗಾಗುತ್ತದೆ ನೋಡೋಣ, ಆಮೇಲೆ ಬೇಸ್ತು ಬಿದ್ದಿರಿ ಅಂತ ಕುಣಿಯೋಣ, ಅಂತ ಮಾಡಿದ್ದು. ಮಜಾ ಸಾಲದು ಅಂತ ‘ಒಂಟಿಸಲಗ’ ಎಂಬ ಇನ್ನೊಂದು ಖಾತೆಯನ್ನೂ ತೆರೆದೆ. ಮನೆಯವರೇ ಕೂಗುವುದು ಹರಾಜಿನ ನಿಯಮಕ್ಕೆ ವಿರುದ್ಧ. ನಿನ್ನ ತಂಗಿ ಆ ನಿಯಮವನ್ನು ಎರಡೆರಡು ವೇಷ ಹಾಕಿಕೊಂಡು ಮುರಿದಳು.

ಕೊನೆಯ ಸಂಜೆ ನೋಡಬೇಕಿತ್ತು. ಅಪ್ಪ ತಮ್ಮ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಕುಸ್ತಿ ನೋಡುವವರ ಹಾಗೆ ಕೂತಿದ್ದರು. ನಾನು ಎದುರಿಗೆ ಕೂತು ಮೇಜಿನ ಕೆಳಗೆ ನನ್ನ ಫೋನಿನಲ್ಲಿ ಒಮ್ಮೆ ಪ್ರಭುವಾಗಿ, ಒಮ್ಮೆ ಸಲಗವಾಗಿ ಬೆಲೆ ಏರಿಸುತ್ತಿದ್ದೆ. ಅಪ್ಪ “ಏ, ಸಲಗ ಬಿಡಲ್ಲ ಕಣೇ!” ಅಂತ ತೊಡೆ ತಟ್ಟಿದರು. ಅಮ್ಮ ಒಲೆಯ ಮುಂದಿನಿಂದಲೇ, ಒಂದು ಹಲಗೆಗೆ ಅಷ್ಟೊಂದು ಕೊಡ್ತಾನಲ್ಲ, ಅವನಿಗೆ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ, ಅಂದಳು. ನಾನು ಕೆಮ್ಮಿದ ಹಾಗೆ ಮಾಡಿ ನಗು ನುಂಗಿದೆ. ಮಹಾಪ್ರಭು ಗೆದ್ದ. ಅಪ್ಪ ಎದ್ದು ನಿಂತರು. ಎರಡೂ ಕೈಗಳನ್ನು ಮುಂದೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು, ಹೊಸದಾಗಿ ಯಾರೋ ಕೊಟ್ಟ ಕೈಗಳನ್ನು ನೋಡುವ ಹಾಗೆ.

ಆಗ ಹೇಳಬೇಕಿತ್ತು.

ಬಾಯಿ ಬಿಡುವ ಬದಲು ಬೆರಳು ಆಡಿಸಿದೆ. ಮಹಾಪ್ರಭುವಿನ ಹೆಸರಿನಲ್ಲಿ ಆ ರಾತ್ರಿಯೇ ಅಪ್ಪನಿಗೆ ಸಂದೇಶ ಕಳಿಸಿದೆ: ಮಾನ್ಯ ಕಲಾವಿದರೇ, ಅಂಚಿನಲ್ಲಿರುವ ಪುಟ್ಟ ಇರುವೆಗೆ ಪೆಟ್ಟಾಗದಂತೆ ಕಳಿಸಿಕೊಡಿ, ಇನ್ನೊಂದು ಬೋರ್ಡನ್ನೂ ನಿಮ್ಮ ಇಷ್ಟದಂತೆ ಬರೆದುಕೊಡಿ. ಅಪ್ಪ ಅದನ್ನು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದರು. ನನ್ನನ್ನೊಮ್ಮೆ ನೋಡಿ, ಭಾರೀ ರಸಿಕ ಕಣೇ ಈ ಪುಣ್ಯಾತ್ಮ, ಅಂತ ನಕ್ಕು ಹಿತ್ತಿಲಿಗೆ ಹೋದರು. ಸಂತೋಷ ಹೆಚ್ಚಾಗಿ ಹೋದರು ಅಂದುಕೊಂಡೆ.

ಮಾರನೇ ಬೆಳಗ್ಗೆ ಮಾವನಿಗೆ ಫೋನ್ ಮಾಡಿ, ಕೆಲಸಕ್ಕೆ ಬರಲ್ಲಪ್ಪ, ಅಂದುಬಿಟ್ಟರು. ಮಾವ ಗುರ್ ಅಂದರಂತೆ. ತಿಂಗಳ ಕೊನೆವರೆಗೆ ಜಾಗ ಹಿಡಿದಿರ್ತೀನಿ, ಆಮೇಲೆ ಬೇರೆ ಯಾರನ್ನಾದರೂ ಇಟ್ಕೋತೀನಿ, ನಿಮ್ಮ ದೊಡ್ಡ ಮಗಳಿಗೆ ಏನು ಹೇಳ್ತೀರೋ ಹೇಳಿ, ಅಂದರಂತೆ.

ಅದರ ಮರುದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬೋರ್ಡನ್ನು ಹಳೇ ಕಂಬಳಿಯಲ್ಲಿ ಸುತ್ತಿಕೊಂಡು ನಮ್ಮ ಆಫೀಸಿಗೇ ಬಂದರು. ನನ್ನ ಕೌಂಟರಿಗೇ. ತೂಕದವನಿಗೆ, ಮ್ಯಾನೇಜರಿಗೆ, ಸಾಲಿನಲ್ಲಿ ನಿಂತವರಿಗೆಲ್ಲ ಕತೆ ಹೇಳಿದರು. ಮ್ಯಾನೇಜರು ಕೈ ಕುಲುಕಿದರು. ಅತಿ ದಪ್ಪ ಪೆಟ್ಟಿಗೆ ಹಾಕು, ಮೂಲೆಗೆಲ್ಲ ಥರ್ಮಾಕೋಲು, ದುಬಾರಿ ಇನ್ಶೂರೆನ್ಸೇ ಮಾಡಿಸು, ಖರ್ಚು ಹೇಗೂ ಮಹಾಪ್ರಭುಗಳದ್ದು ತಾನೇ, ಅಂದರು ಅಪ್ಪ. ನಾನು ‘ಜೋಪಾನ’ ಚೀಟಿ ಅಂಟಿಸಿದೆ. ಓರೆಯಾಗಿ ಅಂಟಿತು. ಕಿತ್ತು ಮತ್ತೆ ಅಂಟಿಸಿದೆ. ತಲೆ ಎತ್ತಲಿಲ್ಲ. ಜೀವನದಲ್ಲಿ ಎಷ್ಟೊಂದು ಜನರನ್ನು ಬೇಸ್ತು ಬೀಳಿಸಿದ್ದೇನೆ, ಮುಖ ಮುಚ್ಚಿಕೊಳ್ಳಲು ಪೆಟ್ಟಿಗೆಯೊಂದು ಸಿಕ್ಕಿದ್ದರೆ ಸಾಕು ಅನ್ನಿಸಿದ್ದು ಅವತ್ತೇ.

ಆ ಬೋರ್ಡು ಈಗ ನನ್ನ ಗೆಳತಿಯ ಹಾಸ್ಟೆಲ್ ಮಂಚದ ಕೆಳಗಿದೆ. ಮಹಾಪ್ರಭುಗಳ ಅರಮನೆ ಅದೇ. ಸ್ಕೂಟರ್ ಕೊಳ್ಳಲೆಂದು ನಾನು ಕೂಡಿಟ್ಟದ್ದು ಅದರ ಬೆಲೆಗೆ ಹೋಯಿತು. ಅದಕ್ಕೆ ಅಳುತ್ತಿಲ್ಲ, ಸರಿಯಾಯಿತು. ಅಳು ಬರುವುದು ಶೆಡ್ಡಿನ ಕಡೆ ನೋಡಿದಾಗ. ಅಪ್ಪ ಎರಡನೇ ಬೋರ್ಡು ಬರೆಯುತ್ತಿದ್ದಾರೆ. ಸುಣ್ಣದ ದಾರ ಎಳೆದು ಗೆರೆ ಹೊಡೆದುಕೊಂಡು, ಕೈ ಅಲುಗದಂತೆ ಕೈಕೋಲಿನ ಮೇಲೆ ಮಣಿಕಟ್ಟು ಊರಿಕೊಂಡು, ಬಾಯಲ್ಲಿ ಇನ್ನೊಂದು ಕುಂಚ ಕಚ್ಚಿಕೊಂಡು. ಯಾರನ್ನೂ ಒಳಗೆ ಬಿಡುತ್ತಿಲ್ಲ.

ಬೀದಿಯಲ್ಲಿ ನಿಂತು ಕೂಗುವ ಹರಾಜಾಗಿದ್ದರೆ ಅಪ್ಪ ಒಂದೇ ಸಲ ತಿರುಗಿ ನೋಡುತ್ತಿದ್ದರು. ನನ್ನ ಮುಖ ಕಾಣುತ್ತಿತ್ತು. ಮೂತಿಗೆ ಒಂದು ಕೊಟ್ಟು ಮುಗಿಸುತ್ತಿದ್ದರು. ಮುಖವಿಲ್ಲದ ಸಂತೆಯಲ್ಲಿ ನಾನು ನನ್ನಪ್ಪನಿಗೇ ಇಲ್ಲದ ಗಿರಾಕಿಯನ್ನು ಮಾರಿಬಿಟ್ಟೆ, ಅಕ್ಕಾ.

ಈಗ ನೀನು ಹೇಳು. ನಿಜ ಹೇಳಿದರೆ ಅವರು ಕೈ ನೋಡಿಕೊಂಡ ಆ ಸಂಜೆ ಸುಳ್ಳಾಗುತ್ತದೆ. ಹೇಳದಿದ್ದರೆ ತಿಂಗಳು ಮುಗಿದು ಮಾವನ ಜಾಗವೂ ಹೋಗುತ್ತದೆ, ಮೂರನೇ ಬೋರ್ಡು ಕೇಳುವವರೂ ಇರುವುದಿಲ್ಲ. ಅಮ್ಮನ ಮಿಷನ್ನೊಂದೇ ಎಷ್ಟು ದಿನ ಓಡೀತು? ನಿನ್ನ ಶ್ರಮವನ್ನೂ ಹಾಳು ಮಾಡಿದೆ. ಕ್ಷಮಿಸು ಅಂತ ಕೇಳಲು ಬಾಯಿಲ್ಲ, ಅದಕ್ಕೇ ಬರೆದು ಕೇಳುತ್ತಿದ್ದೇನೆ.

ನಿನ್ನ ಸೈಕಲ್ಲನ್ನು ಧೈರ್ಯವಾಗಿ ಹರಾಜಿಗೆ ಹಾಕು. ನಾನು ಕೂಗುವುದಿಲ್ಲ.

ಇಂತಿ,
ಕಚ್ಚುವುದನ್ನು ಬಿಟ್ಟ,
ನಿನ್ನ ಕಟ್ಟಿರುವೆ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಪ್ಪ ಬಂದು ಎರಡನೇ ಬೋರ್ಡನ್ನು ಬಟ್ಟೆ ಹೊದಿಸಿ ನನ್ನ ಮಂಚದ ಮೇಲಿಟ್ಟರು. ಮಹಾಪ್ರಭುಗಳಿಗೆ ಕಳಿಸೋ ಮುಂಚೆ ಒಂದು ಸಲ ನೀನೇ ನೋಡಿಬಿಡು, ಅಂತ ಹೇಳಿ ಹೊರಗೆ ಹೋದರು. ಬಟ್ಟೆ ಸರಿಸಿದೆ. ಹಳದಿ ಮೇಲೆ ಕಡು ನೀಲಿ, ನೆರಳು ಬಿದ್ದ ಅಕ್ಷರ: ‘ಇಲ್ಲಿ ಕೈಯಲ್ಲಿ ಬೋರ್ಡು ಬರೆಯಲಾಗುವುದು.’ ಇಷ್ಟು ವರ್ಷ ಊರಿಗೆಲ್ಲ ಬೋರ್ಡು ಬರೆದ ಅಪ್ಪನಿಗೆ ತಮ್ಮದೇ ಒಂದು ಬೋರ್ಡು ಇರಲಿಲ್ಲ ನೋಡು. ಇರುವೆ ಎಲ್ಲಿ ಅಂತ ಅಭ್ಯಾಸದಂತೆ ತಲೆಕೆಳಗು ಮಾಡಿದೆ. ಅಂಚಿನಲ್ಲಿ ಒಂದು ಕಟ್ಟಿರುವೆ, ಹಿಂಗಾಲಿನ ಮೇಲೆ ನಿಂತು, ಮುಂಗಾಲುಗಳಿಂದ ಎರಡೂ ಕಿವಿ ಹಿಡಿದುಕೊಂಡಿದೆ. ಇರುವೆಗೆ ಕಿವಿಯೇ ಇಲ್ಲ, ಅಕ್ಕಾ. ತಪ್ಪಾಯಿತೆಂದು ಹಿಡಿದುಕೊಳ್ಳಲೆಂದೇ ಅಪ್ಪ ಅದಕ್ಕೆ ಕಿವಿ ಬರೆದಿದ್ದಾರೆ.

ನಾನು ಹಾಕಿದ ಫೋಟೋದಲ್ಲಿ ಅಂಚು ಕಾಣುತ್ತಿರಲಿಲ್ಲ. ಸಂದೇಶ ಕಳಿಸಿದಾಗ ಬೋರ್ಡು ಇನ್ನೂ ನಮ್ಮ ಮನೆಯಲ್ಲೇ ಇತ್ತು. ಇರುವೆ ಇದೆ ಅಂತ ಮಹಾಪ್ರಭುವಿಗೆ ಗೊತ್ತಾಗಿದ್ದಾದರೂ ಹೇಗೆ? ಸಂದೇಶ ಓದಿ ಕನ್ನಡಕ ಒರೆಸಿಕೊಂಡಾಗಲೇ ಅಪ್ಪನಿಗೆ ಎಲ್ಲ ತಿಳಿದಿತ್ತು. ಅವರ ಸಂತೋಷ ಬಾಳಿದ್ದು ಆ ಒಂದು ಸಂಜೆ ಮಾತ್ರ. ಮಾವನಿಗೆ ಬರಲ್ಲ ಅಂದದ್ದು ಅದಾದ ಮೇಲೆ. ಗಿರಾಕಿ ಯಾರೂ ಇಲ್ಲ ಅಂತ ಗೊತ್ತಿದ್ದೇ ಅಂದದ್ದು. ದುಬಾರಿ ಇನ್ಶೂರೆನ್ಸ್ ಮಾಡಿಸಿದ್ದೂ ಗೊತ್ತಿದ್ದೇ.

ಮುಂಬಾಗಿಲ ಹೊರಗೆ ಏಣಿ ಎಳೆಯುವ ಸದ್ದು. ಈಗ ಕೂಗಿದರು. “ಮಹಾಪ್ರಭುಗಳೇ, ಸುತ್ತಿಗೆ ತಗೊಂಡು ಸ್ವಲ್ಪ ಈಚೆ ಬರ್ತೀರಾ?” ಅಂತ. ತಲೆ ತಗ್ಗಿಸಿಕೊಂಡು ಹೊರಟಿದ್ದೇನೆ.