ನೀಲಿ ಪುಸ್ತಕದಲ್ಲಿ ‘ಆರಾಮಾಗಿದ್ದೇನೆ’

ತಮ್ಮಾ,

ಆಸ್ಪತ್ರೆಗೆ ಹೊರಟಿದ್ದೇನೆ. ನೀನು ಬಸ್ಸನ್ನು ಡಿಪೋಗೆ ಬಿಟ್ಟು ಬರುವಷ್ಟರಲ್ಲಿ ಬಂದರೂ ಬಂದೇನು. ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೋ. ನಿಂತುಕೊಂಡು ತಿನ್ನಬೇಡ.

ಫ್ರಿಜ್ಜಿನ ಮೇಲಿರುವ ಮಾತ್ರೆ ಡಬ್ಬಿ ಖಾಲಿ ಅಂತ ಬಿಸಾಡಬೇಡ. ಮುಂದಿನ ಸಲ ಅದನ್ನೂ ಆಸ್ಪತ್ರೆಯವರಿಗೆ ವಾಪಸ್ ಕೊಡಬೇಕು.

ಇನ್ನು, ದಿನಾ ಹೇಗಿದ್ದೇನೆಂದು ಬರೆದಿಡಲು ಆಸ್ಪತ್ರೆಯವರು ಕೊಟ್ಟ ನೀಲಿ ಪುಸ್ತಕ. ಸೋಮವಾರ ನಾನು ‘ಎರಡು ಸಲ ವಾಂತಿ, ಮೆಟ್ಟಿಲು ಹತ್ತಲಾಗಲಿಲ್ಲ’ ಎಂದು ಬರೆದಿದ್ದೆ. ಅದನ್ನು ಅಳಿಸಿ ‘ಆರಾಮಾಗಿದ್ದೇನೆ’ ಎಂದು ಬರೆದವನು ನೀನೇ. ನಿನ್ನ ಕಾಗೆಕಾಲು ಗುಬ್ಬಿಕಾಲು ನನಗೆ ಗೊತ್ತಾಗದೇ? ಪೆನ್ಸಿಲ್ಲಿನಲ್ಲಿ ಬರೆದದ್ದು ನನ್ನದೇ ತಪ್ಪು.

ಔಷಧದ ಪ್ರಯೋಗದಿಂದ ನನ್ನನ್ನು ಕೈಬಿಡುತ್ತಾರೆ ಅಂತ ಹೆದರಿದೆ, ಗೊತ್ತು. ಆದರೆ ಶ್ವಾಸಕೋಶದ ಒಂದು ಭಾಗ ಕತ್ತರಿಸಿ ತೆಗೆದ ಮೇಲೆ, ಎರಡು ಔಷಧ ಸೇರಿಸಿ ಕೊಟ್ಟರೆ ಕ್ಯಾನ್ಸರ್ ಮರಳಿ ಬರದಂತೆ ತಡೆಯಬಹುದೋ ಎಂದು ನೋಡುವುದಕ್ಕೇ ತಾನೇ ಇದೆಲ್ಲ? ಅದರಲ್ಲಿ ಸುಳ್ಳು ಬರೆದರೆ ನಾನು ಇಷ್ಟು ದಿನ ನುಂಗಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಈಗ ಪೆನ್ನಿನಲ್ಲಿ ಮತ್ತೆ ಬರೆದಿದ್ದೇನೆ. ಡಾಕ್ಟರಿಗೂ ಹೇಳುತ್ತೇನೆ. ಕೈಬಿಟ್ಟರೆ ಬಿಡಲಿ.

ಪ್ರತಿ ವಾರ ನರ್ಸಮ್ಮ ‘ಹೇಗಿದ್ದೀರಕ್ಕಾ?’ ಅಂತ ಕೇಳುತ್ತಾಳೆ. ಅದು ಅವಳ ಕೆಲಸ. ನೀನು ಪುಸ್ತಕ ಕದ್ದು ಓದುತ್ತೀಯ. ಆಪರೇಷನ್ ಆದಾಗಿನಿಂದ ನನ್ನನ್ನು ಒಮ್ಮೆಯೂ ಕೇಳಿಲ್ಲ.

ಸಂಜೆ ಬಂದಾಗ ಒಂದು ಸಲ ಕೇಳು. ಬೇಕಾದರೆ ನಾನೇ ‘ಆರಾಮಾಗಿದ್ದೀನಿ ಕಣೋ’ ಅಂತೀನಿ.

ಅಕ್ಕ